ಕಡಲಪಾಚಿ ಹಾಲು, ಕೊಟ್ಟಿಗೆಗೆ ಹಾಲಿ ಕೊಂಬೆ

ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಮಳೆ ಹಿಡಿದರೆ ಬೇಗ ಬಿಡುವುದಿಲ್ಲ, ಕೆಮ್ಮೂ ಹಾಗೆಯೇ. ನಾನಿಲ್ಲಿಗೆ ಬಂದ ಮೊದಲ ಚಳಿಗಾಲ ಶುಂಠಿ ಕಷಾಯ ಕುಡಿದೂ ಕುಡಿದೂ ಸಾಕಾಗಿತ್ತು. ಪಕ್ಕದ ಹೊಲದಜ್ಜಿ ಒಂದು ಪೊಟ್ಟಣ ತಂದುಕೊಟ್ಟರು. ಒಳಗೆ ಕ್ಯಾರಗೀನ್ ಎಂಬ ಒಣಗಿದ ಕಡಲಪಾಚಿ. ಇಳಿತದ ಹೊತ್ತಲ್ಲಿ ಬಂಡೆಯಿಂದ ಕಿತ್ತು, ಹುಲ್ಲಿನ ಮೇಲೆ ಹರಡಿ, ಮಳೆ ಬಿಸಿಲಿಗೆ ಬಿಟ್ಟರೆ ಕೆಂಗಪ್ಪು ಬಣ್ಣ ಹೋಗಿ ಬೆಳ್ಳಗಾಗುತ್ತದೆ. ಒಂದು ಸಣ್ಣ ಹಿಡಿಯಷ್ಟನ್ನು ಚೆನ್ನಾಗಿ ತೊಳೆದು 10 ನಿಮಿಷ ನೆನೆಸಿ, ಮುಕ್ಕಾಲು ಲೀಟರ್ ಹಾಲಿಗೆ ಹಾಕಿ, ಸಣ್ಣ ಉರಿಯಲ್ಲಿ 20 ನಿಮಿಷ ಕಾಯಿಸಿ. ಸೋಸಿ, ಜೇನು ಬೆರೆಸಿ ಬಿಸಿಬಿಸಿಯಾಗಿಯೇ ಕುಡಿಯಬೇಕು. ಆರಲು ಬಿಟ್ಟಿರೋ, ಚೈನಾಗ್ರಾಸ್ ಥರ ಗಟ್ಟಿಯಾಗುತ್ತದೆ. ಆ ಲೋಳೆ ಗಂಟಲಿಗೆ ಹಿತ, ಅಷ್ಟೇ. ಕೆಮ್ಮು ವಾರಗಟ್ಟಲೆ ಎಳೆದರೆ ಡಾಕ್ಟರೇ ಗತಿ. ವರ್ಷ ತುಂಬದ ಕೂಸಿಗೆ ಜೇನು ಬೇಡವೇ ಬೇಡ. ಸೊರಗಿದ ಕರುವಿಗೂ ಅಜ್ಜಿ ಇದನ್ನೇ ಕುಡಿಸುತ್ತಿದ್ದರು. ಮನೆಗೂ ಕೊಟ್ಟಿಗೆಗೂ ಒಂದೇ ಪಾತ್ರೆ!

ಮೇ ತಿಂಗಳಲ್ಲಿ ಮೂರು ಸಲ ತುರಿಚೆ ಸೊಪ್ಪು ಉಂಡರೆ ವರ್ಷವಿಡೀ ರೋಗವಿಲ್ಲ ಅನ್ನುತ್ತಾರೆ. ವರ್ಷದ ಮಾತು ನಾ ಕಾಣೆ, ಸಾರು ಮಾತ್ರ ರುಚಿ. ಕೈಗವಸು ಹಾಕಿಕೊಂಡು ಹೂ ಬಿಡುವ ಮೊದಲೇ ಎಳೆ ಕುಡಿ ಚಿವುಟಿ. ಕುದಿ ಬಂದರೆ ತುರಿಕೆ ಹೋಯಿತು. ಚುಚ್ಚಿದಲ್ಲಿಗೆ ಡಾಕ್ ಎಂಬ ಕಳೆಗಿಡದ ಎಲೆ ಉಜ್ಜುವುದು ಇಲ್ಲಿನ ಮಕ್ಕಳಿಗೂ ಗೊತ್ತು.

ದನಕ್ಕೆ ಹುಳುಕಡ್ಡಿ ಆದರೆ ಕೊಟ್ಟಿಗೆಯಲ್ಲಿ ಹಾಲಿ (holly) ಎಂಬ ಮುಳ್ಳೆಲೆಯ ಗಿಡದ ಕೊಂಬೆ ತೂಗುಹಾಕುತ್ತಾರೆ, ಇವತ್ತಿಗೂ. ನೀವೂ ಹಾಕಿ, ಬೇಡವೆನ್ನೆ. ಆದರೆ ಅದು ಮನುಷ್ಯರಿಗೂ ಅಂಟುವ ರೋಗ. ಕೈಗವಸಿಲ್ಲದೆ ಆ ದನ ಮುಟ್ಟಬೇಡಿ, ಪಶುವೈದ್ಯರಿಗೂ ತೋರಿಸಿ. ಹಸುವಿನ ಬಾಲ ಸೀಳಿ ಬೆಳ್ಳುಳ್ಳಿ ಕಟ್ಟುವ ಹಳೇ ಪದ್ಧತಿ ಮಾತ್ರ ಬಿಟ್ಟುಬಿಡಿ, ಪಾಪದ ಪ್ರಾಣಿ. ಬೇಲಿಯಂಚಿನ ಫಾಕ್ಸ್‌ಗ್ಲೋವ್ ಗಿಡದ ತಂಟೆಯೂ ಬೇಡ. ಹೃದಯದ ಔಷಧಿ ಬಂದದ್ದು ಅದರ ಜಾತಿಯಿಂದಲೇ ಆದರೂ ಎಲೆ ಸ್ವಲ್ಪ ಹೆಚ್ಚಾದರೆ ಎದೆಬಡಿತವೇ ನಿಂತೀತು.

ಎಲ್ಲವೂ ಮೂಢನಂಬಿಕೆ ಎಂದು ನಗುವವರಿಗೆ ನಾನು ಬೋಹೋ ಊರಿನ ಕಥೆ ಹೇಳುತ್ತೇನೆ. ಉತ್ತರ ಐರ್ಲೆಂಡಿನ ಫರ್ಮಾನಾ ಕೌಂಟಿಯ ಆ ಊರಿನ ಚರ್ಚಿನ ಸ್ಮಶಾನದ ಮಣ್ಣನ್ನು, ರೋಗ ವಾಸಿಯಾಗಲೆಂದು, ಬಟ್ಟೆಯಲ್ಲಿ ಕಟ್ಟಿ ದಿಂಬಿನಡಿ ಇಟ್ಟುಕೊಂಡು, ಆಮೇಲೆ ಹಿಂದಿರುಗಿಸುವುದು ಅಲ್ಲಿನ ವಾಡಿಕೆ. 2018ರಲ್ಲಿ ವಿಜ್ಞಾನಿಗಳಿಗೆ ಅದೇ ಮಣ್ಣಿನಲ್ಲಿ, ಔಷಧಿಗೆ ಜಗ್ಗದ ರೋಗಾಣುಗಳನ್ನೂ ತಡೆಯುವ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ ಸಿಕ್ಕಿತು. ಹಾಗಂತ ಗಾಯಕ್ಕೆ ಮಣ್ಣು ಮೆತ್ತೀರಿ, ಜೋಕೆ!

ಜನವರಿ 31ರ ರಾತ್ರಿ ಸಂತ ಬ್ರಿಜಿಡ್ ಹಾದುಹೋಗುತ್ತಾಳೆಂದು ಮನೆಯ ಹೊರಗೆ ಬಟ್ಟೆ ಹಾಕಿಡುತ್ತಾರೆ. ತಲೆನೋವಿಗೆ ಅದನ್ನೇ ಸುತ್ತಿಕೊಳ್ಳುವುದು, ಈಯುವ ಹಸುವಿನ ಬೆನ್ನಿಗೂ ಅದನ್ನೇ ಹೊದಿಸುವುದು. ನನ್ನದೂ ಒಂದು ಟವೆಲ್ ಬೇಲಿ ಮೇಲೆ ಇರುತ್ತದೆ. ಬೆಳಿಗ್ಗೆ ತೊಯ್ದು ತೊಪ್ಪೆಯಾಗಿರುತ್ತದೆ, ಅದಂತೂ ಗ್ಯಾರಂಟಿ.