ಬರೀ ಸಕ್ಕರೆ ನೀರಲ್ಲಿ ಮ್ಯಾರಥಾನ್ ಓಡಿದೆ

ಹಿಂದಿನ ನಾಲ್ಕು ಮ್ಯಾರಥಾನ್‌ಗಳಲ್ಲಿ ಮೂರು ಸಲ 30ನೇ ಕಿಲೋಮೀಟರ್ ಹತ್ತಿರ ಕಾಲು ಕೈಕೊಟ್ಟಿತ್ತು. ಐದನೆಯದಕ್ಕೆ ಸಕ್ಕರೆ ನೀರು ಸಾಕು ಅಂದಾಗ ಜೊತೆಯವರು ನಕ್ಕರು. "ಅರ್ಧ ದಾರೀಲಿ ಪೊದೆ ಹುಡುಕ್ತೀಯ ನೋಡು" ಅಂದ ಒಬ್ಬ. ಮೊದಲಿಗಿಂತ ಸುಮಾರು 18 ನಿಮಿಷ ಬೇಗ ಮುಗಿಸಿದೆ. ಪೊದೆ ಬೇಕಾಗಲಿಲ್ಲ.

ಮೊದಲು ನನ್ನ ಎಡವಟ್ಟು ಹೇಳ್ತೀನಿ. ಗ್ರಾಂಗೆ ಕಾರ್ಬ್‌ನಲ್ಲಿ (ಅನ್ನ, ಸಕ್ಕರೆ ಥರದ್ದರಲ್ಲಿ ಇರೋದು) 4 ಕ್ಯಾಲೊರಿ, ಕೊಬ್ಬಿನಲ್ಲಿ 9. ಮೈಯಲ್ಲಿ ಕೊಬ್ಬು ಬೇಕಾದಷ್ಟಿದೆ, ಅದನ್ನೇ ಸುಡೋಣ ಅಂತ ಕಾರ್ಬ್ ಬಿಟ್ಟೆ. ಒಂದೇ ವಾರಕ್ಕೆ ಎರಡು ಕಿಲೋ ಇಳಿದೆ. ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಇಳಿದದ್ದು ಹೆಚ್ಚಿನಂಶ ನೀರು! ಒಂದು ಗ್ರಾಂ ಗ್ಲೈಕೋಜನ್ (ಮೈ ಕೂಡಿಟ್ಟ ಕಾರ್ಬ್) ಕರಗಿದರೆ ಅದರ ಜೊತೆ ಮೂರು ಗ್ರಾಂನಷ್ಟು ನೀರೂ ಹೋಗುತ್ತೆ. ನಾಲ್ಕೈದು ನೂರು ಗ್ರಾಂ ಖಾಲಿ ಅಂದ್ರೆ ಲೆಕ್ಕ ಸರಿಹೋಯ್ತು, ಅಲ್ವಾ? ಆದರೂ ಹಟಕ್ಕೆ ಆರು ವಾರ ಎಳೆದೆ. ನಿಧಾನ ಓಟಕ್ಕೆ ತೊಂದರೆ ಇರಲಿಲ್ಲ. ಏರು ಬಂದರೆ ಮಾತ್ರ ಏದುಸಿರು. ಅಷ್ಟೇ ಶಕ್ತಿ ತೆಗೆಯೋಕೆ ಕೊಬ್ಬಿಗೆ ಆಮ್ಲಜನಕ ಜಾಸ್ತಿ ಬೇಕು.

ಆಮೇಲೆ ಓಡುವಾಗ ಹೀರೋ ಎನರ್ಜಿ ಜೆಲ್ ಹಿಡಿದೆ. ಕೆಲಸವೇನೋ ಮಾಡ್ತು, ಆದರೆ ಒಂದು ಸೀಸನ್‌ನ ಜೆಲ್ ದುಡ್ಡಲ್ಲಿ ಒಳ್ಳೆ ಶೂ ಬರ್ತಿತ್ತು. ಪ್ಯಾಕೆಟ್ ತಿರುಗಿಸಿ ಓದಿದರೆ ಮಾಲ್ಟೊಡೆಕ್ಸ್ಟ್ರಿನ್ (ಗ್ಲೂಕೋಸ್ ಸರಪಳಿ), ಫ್ರಕ್ಟೋಸ್, ಉಪ್ಪು. ಅಡುಗೆಮನೆಯ ಸಕ್ಕರೆಯೂ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್ ತಾನೇ? ಕರುಳಲ್ಲಿ ಎರಡಕ್ಕೂ ಬೇರೆ ಬೇರೆ ಬಾಗಿಲು. ಗ್ಲೂಕೋಸ್ ಒಂದೇ ಆದರೆ ಗಂಟೆಗೆ 60 ಗ್ರಾಂ ಹತ್ತಿರ ನೂಕುನುಗ್ಗಲು ಶುರು. ಫ್ರಕ್ಟೋಸ್ ಸೇರಿದರೆ 90ರವರೆಗೂ ಸಾಗುತ್ತೆ.

ಮೊದಲ ದಿನವೇ ಅರ್ಧ ಲೀಟರ್‌ಗೆ 80 ಗ್ರಾಂ ಸುರಿದೆ. ಎಂಟು ಕಿಲೋಮೀಟರ್‌ಗೆ ಹೊಟ್ಟೆ ನೀರು ತುಂಬಿದ ಬಿಂದಿಗೆ ಹಾಗೆ ಗುಳುಗುಳು. ಆಮೇಲೆ ಬುದ್ಧಿ ಬಂತು. ಗಂಟೆಗೆ 30 ಗ್ರಾಂನಿಂದ ಶುರು ಮಾಡಿ, ಎರಡು ವಾರಕ್ಕೊಮ್ಮೆ ಹತ್ತು ಹತ್ತು ಏರಿಸಿದೆ. ಕರುಳಿಗೂ ಪ್ರಾಕ್ಟೀಸ್ ಬೇಕು. ಕೊನೆಗೆ 75ರ ಆಸುಪಾಸು ನಿಂತೆ, ಮುಕ್ಕಾಲು ಲೀಟರ್ ನೀರಿಗೆ. ಹತ್ತು ನಿಮಿಷಕ್ಕೊಮ್ಮೆ ಎರಡು ಗುಟುಕು. ಉಪ್ಪಿನ ಅಳತೆ, ಸಿಹಿ ಮುರಿಯೋಕೆ ಹಾಕಿದ್ದೇನು ಅಂತ ಸದ್ಯಕ್ಕೆ ಹೇಳಲ್ಲ.

ನಡುವೆ ಒಂದು ದಿನ ಸುಮ್ನೆ ಅದಕ್ಕೇ ಒಂದು ಚಮಚ ಎಣ್ಣೆ ಹಾಕಿ ನೋಡಿದೆ. ಎಷ್ಟು ಕುಲುಕಿದರೂ ಎಣ್ಣೆ ಮೇಲೇ ತೇಲಿತು, ಮೊದಲ ಗುಟುಕಲ್ಲೇ ಪೂರ್ತಿ ಬಾಯಿಗೆ ಬಂತು. ಕೊಬ್ಬು ಹೊಟ್ಟೆಯಿಂದ ಬೇಗ ಇಳಿಯಲ್ಲ ಅನ್ನೋದನ್ನ ಆವತ್ತು ಎರಡು ಗಂಟೆ ತೇಗಿ ಕಲಿತೆ.

ಶುಗರ್ ಇರೋರು ಇದಕ್ಕೆ ಕೈ ಹಾಕಬೇಡಿ. ಓಟ ಮುಗಿದ ಕೂಡಲೇ ಬಾಯಿ ಮುಕ್ಕಳಿಸಿ, ಹಲ್ಲಿಗೆ ಒಳ್ಳೇದಲ್ಲ. ಬಾಟಲಿ ಮುಚ್ಚಳವನ್ನೂ ಆಗಲೇ ತೊಳೀರಿ. ನಾನು ಬ್ಯಾಗಲ್ಲೇ ಮರೆತು, ಮಾರನೇ ದಿನ ಶೂ ಒಳಗೂ ಇರುವೆ.