‘ಬಂದಿಲ್ಲ’, ‘ಬರಲಿಲ್ಲ’ ಮತ್ತು ನನ್ನ ಪ್ರೆಸೆಂಟ್ ಪರ್ಫೆಕ್ಟ್

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮೇಲ್ ಬರೆದಿದ್ದೆ: ‘ಐ ಹ್ಯಾವ್ ಸೆಂಟ್ ದ ಫೈಲ್ ಯೆಸ್ಟರ್ಡೇ.’ ಪಕ್ಕದಲ್ಲಿ ನಿಂತು ನೋಡಿದ ಹಿರಿಯರೊಬ್ಬರು ‘ಹ್ಯಾವ್’ ಅಳಿಸಿ ಸುಮ್ನೆ ಹೋದರು. ಯಾಕೆ ಅಂತ ಹೇಳಲಿಲ್ಲ, ನನಗೂ ಕೇಳೋಕೆ ನಾಚಿಕೆ. ‘ಫೈಲ್ ನಿನ್ನೆಯೇ ಕಳಿಸಿದ್ದೇನೆ’ ಅಂತ ನಾವು ದಿನಾ ಹೇಳ್ತೀವಿ, ಅಲ್ವಾ? ಅದನ್ನೇ ಇಂಗ್ಲಿಷಿನಲ್ಲಿ ಬರೆದರೆ ಏನು ತಪ್ಪು?

ವ್ಯಾಕರಣದ ಪುಸ್ತಕ ತೆಗೆದೆ. ‘ಹ್ಯಾವ್ ಸೆಂಟ್’ನಂಥ ಕ್ರಿಯಾರೂಪಕ್ಕೆ ಪ್ರೆಸೆಂಟ್ ಪರ್ಫೆಕ್ಟ್ ಅಂತ ಹೆಸರು. ಅದರ ಬಗ್ಗೆ ‘ಹಿಂದೆ ನಡೆದ ಕೆಲಸ, ಅದರ ಪರಿಣಾಮ ಈಗಲೂ ಇದೆ’ ಎಂದಿತ್ತು. ನಿನ್ನೆ ಕಳಿಸಿದ ಫೈಲೂ ಈಗ ಅವರ ಇನ್‌ಬಾಕ್ಸಿನಲ್ಲೇ ಇದೆಯಲ್ಲ! ಈ ವ್ಯಾಖ್ಯೆಯಿಂದ ನನಗೆ ಏನೂ ಉಪಯೋಗವಾಗಲಿಲ್ಲ.

ಆಮೇಲೆ ನಿಧಾನಕ್ಕೆ ತಿಳಿಯಿತು. ನಮ್ಮ ‘ಕಳಿಸಿದ್ದೇನೆ’ ‘ನಿನ್ನೆ’ಯ ಜೊತೆ ಹಾಯಾಗಿ ಕೂರುತ್ತದೆ, ‘ಹ್ಯಾವ್ ಸೆಂಟ್’ ಕೂರುವುದಿಲ್ಲ. ಯೆಸ್ಟರ್ಡೇ, ಲಾಸ್ಟ್ ವೀಕ್, ಇನ್ 2019, ಟೂ ಡೇಸ್ ಅಗೋ ಎಲ್ಲ ಮುಗಿದು ಹೋದ ಸಮಯಗಳು. ಅವು ಬಂದರೆ ‘ಹ್ಯಾವ್’ ಬಿಡಬೇಕು. ‘ಈ ಬೆಳಿಗ್ಗೆ’ ಅನ್ನೋದು ಮಜಾ. ಹತ್ತು ಗಂಟೆಗೆ ‘ಐ ಹ್ಯಾವ್ ಕಾಲ್ಡ್ ಹಿಮ್ ಟ್ವೈಸ್ ದಿಸ್ ಮಾರ್ನಿಂಗ್’ ಸರಿ. ಸಂಜೆ ನಾಲ್ಕಕ್ಕೆ ಹೇಳುವಾಗ ಬೆಳಿಗ್ಗೆ ಮುಗಿದಿದೆ, ‘ಐ ಕಾಲ್ಡ್’ ಅನ್ನಬೇಕು.

ಆದರೆ ಮಾತಾಡುವಾಗ ಇಷ್ಟೆಲ್ಲ ಯೋಚಿಸೋಕೆ ಪುರುಸೊತ್ತು ಎಲ್ಲಿ? ನನ್ನನ್ನು ಕಾಪಾಡಿದ್ದು ಕನ್ನಡದ ‘ಇಲ್ಲ’. ‘ಬಂದಿಲ್ಲ’ ಬೇರೆ, ‘ಬರಲಿಲ್ಲ’ ಬೇರೆ. ಪಾರ್ಸೆಲ್‌ಗೆ ಕಾಯುತ್ತಾ ಇದ್ದರೆ ‘ಬಂದಿಲ್ಲ’. ಮೀಟಿಂಗ್ ಮುಗಿದ ಮೇಲೆ ‘ಅವರು ಬರಲಿಲ್ಲ’. ಕೆಲವರು ಎರಡನ್ನೂ ಬೆರೆಸ್ತಾರೆ, ನಿಜ. ಆದರೂ ನನ್ನ ಕಿವಿಗೆ ವ್ಯತ್ಯಾಸ ಚೆನ್ನಾಗಿ ಕೇಳುತ್ತದೆ. ‘ಬಂದಿಲ್ಲ’ ಅಂದರೆ ‘ಹ್ಯಾಸ್ ನಾಟ್ ಕಮ್’, ‘ಬರಲಿಲ್ಲ’ ಅಂದರೆ ‘ಡಿಡ್ ನಾಟ್ ಕಮ್’.

ಹಾಗಾಗಿ ಅನುಮಾನ ಬಂದಾಗೆಲ್ಲ ವಾಕ್ಯವನ್ನು ಮನಸ್ಸಿನಲ್ಲೇ ‘ಇಲ್ಲ’ಕ್ಕೆ ತಿರುಗಿಸುತ್ತೇನೆ. ‘ನಿನ್ನೆ ಕಳಿಸಿದ್ದೇನೆ’ ತಿರುಗಿದರೆ ‘ನಿನ್ನೆ ಕಳಿಸಲಿಲ್ಲ’. ಅಂದರೆ ಬರೀ ‘ಸೆಂಟ್’. ‘ಕೆಲಸ ಮುಗೀತಾ?’ ನೋಡೋಕೆ ಭೂತಕಾಲವೇ, ಆದರೆ ಉತ್ತರ ‘ಇನ್ನೂ ಮುಗಿದಿಲ್ಲ’. ಅದಕ್ಕೇ ‘ಹ್ಯಾವ್ ಯೂ ಫಿನಿಶ್ಡ್?’ ಅಮೆರಿಕದವರು ಇಲ್ಲಿ ‘ಡಿಡ್ ಯೂ ಫಿನಿಶ್?’ ಅಂತಲೂ ಕೇಳ್ತಾರೆ. ಅದು ತಪ್ಪಲ್ಲ, ಅವರ ರೂಢಿ.

ಈ ಉಪಾಯ ಒಂದು ಕಡೆ ಕೈ ಕೊಡುತ್ತದೆ. ‘ಐದು ವರ್ಷದಿಂದ ಇಲ್ಲಿ ಕೆಲಸ ಮಾಡ್ತಿದ್ದೇನೆ’ ಎಂಬುದು ಕನ್ನಡದಲ್ಲಿ ವರ್ತಮಾನ. ಅದಕ್ಕೇ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಅನ್ನುತ್ತಿದ್ದೆ. ಒಂದೇ ವಾಕ್ಯ, ಎರಡು ತಪ್ಪು. ಬೇಕಾದದ್ದು ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’. ನಮ್ಮ ‘ಇಂದ’ ‘ಫಾರ್’, ‘ಸಿನ್ಸ್’ ಎರಡಕ್ಕೂ ಒಂದೇ, ಅಲ್ಲೇ ಎಡವೋದು. ಈಗ ‘ಆಯ್ತು’ ಸೇರಿಸಿ ನೋಡುತ್ತೇನೆ. ‘ಐದು ವರ್ಷ ಆಯ್ತು’ ಅನ್ನಬಹುದು, ಅದು ‘ಫಾರ್’. ‘2019 ಆಯ್ತು’ ಅನ್ನೋಕಾಗಲ್ಲ, ಅದು ‘ಸಿನ್ಸ್’.

ಇಷ್ಟಾದರೂ ಮೊನ್ನೆ ಫೋನಿನಲ್ಲಿ ಮ್ಯಾನೇಜರ್ ಬ್ಯಾಂಕಿಗೆ ಹೋಗಿ ಬಂದಿದ್ದಾರೆ ಅನ್ನೋಕೆ ‘ಶೀ ಹ್ಯಾಸ್ ಗಾನ್ ಟು ದ ಬ್ಯಾಂಕ್’ ಅಂದೆ. ‘ಸರಿ, ಬಂದ ಮೇಲೆ ಮಾಡ್ತೀನಿ’ ಅಂತ ಆ ಕಡೆಯವರು ಫೋನ್ ಇಟ್ಟೇಬಿಟ್ಟರು. ಹೋಗಿ ಬಂದಿದ್ದರೆ ‘ಹ್ಯಾಸ್ ಬೀನ್’ ಅನ್ನಬೇಕಿತ್ತು. ಮ್ಯಾನೇಜರ್ ನನ್ನ ಎದುರಿಗೇ ಕೂತಿದ್ದರು, ಫೋನಿಗೆ ಕೈ ಚಾಚಿಕೊಂಡು.