ಸಿಂಗಲ್ ಫೇಸ್ ಕರೆಂಟಿನಲ್ಲಿ ತ್ರೀ ಫೇಸ್ ಯಂತ್ರ ಓಡಿಸುವುದು ಹೇಗೆ?

ಸಿಂಗಲ್ ಫೇಸ್ ಕರೆಂಟನ್ನು ತ್ರೀ ಫೇಸ್ ಮಾಡಿ ಮೋಟಾರಿಗೆ ಕೊಡುವ ಸಾಧನವೇ ವಿಎಫ್‌ಡಿ, ಅಂದರೆ ಡ್ರೈವ್. ಅದನ್ನು ಕೊಳ್ಳುವ ಮುಂಚೆ ಮೋಟಾರಿನ ನೇಮ್‌ಪ್ಲೇಟ್ ಓದಿ. ‘230/400 ವೋಲ್ಟ್, ಡೆಲ್ಟಾ/ಸ್ಟಾರ್’ ಎಂದಿದ್ದರೆ ಕೆಲಸ ಸಲೀಸು: 230 ವೋಲ್ಟಿಗೆ ಡೆಲ್ಟಾ (ಮೂರು ವೈಂಡಿಂಗ್ ತುದಿಗೆ ತುದಿ ಸೇರಿದ ಜೋಡಣೆ), 400 ವೋಲ್ಟಿಗೆ ಸ್ಟಾರ್ (ಮೂರರ ಒಂದೊಂದು ತುದಿ ಒಂದೇ ಗಂಟಿಗೆ ಸೇರಿದ ಜೋಡಣೆ). ‘400’ ಅಥವಾ ‘415 ವೋಲ್ಟ್ ಡೆಲ್ಟಾ’ ಎಂದಷ್ಟೇ ಇದ್ದರೆ ಸಾಮಾನ್ಯ ಸಿಂಗಲ್ ಫೇಸ್ ವಿಎಫ್‌ಡಿ ಸಾಲದು. ಅದಕ್ಕೆ 230 ವೋಲ್ಟ್ ಕೊಟ್ಟರೆ ಹೊರಗೆ ಸಿಗುವುದೂ ಹೆಚ್ಚೆಂದರೆ 230 ವೋಲ್ಟೇ. ಆಗ ಮೋಟಾರನ್ನು ರೀವೈಂಡ್ ಮಾಡಿಸಬೇಕು, ಇಲ್ಲವೇ ವೋಲ್ಟೇಜ್ ಏರಿಸಿ ಕೊಡುವ ಬಗೆಯ ಡ್ರೈವ್ ತರಬೇಕು.

ಹೆಚ್ಚಿನವರು ಎಡವುವುದು ಟರ್ಮಿನಲ್ ಬಾಕ್ಸಿನಲ್ಲಿ. 400 ವೋಲ್ಟಿಗೆಂದು ಹಾಕಿದ ಸ್ಟಾರ್ ಜೋಡಣೆ ಹಾಗೇ ಉಳಿದರೆ ಮೋಟಾರ್ ತಿರುಗುತ್ತದೆ, ಲೋಡ್ ಬಿದ್ದೊಡನೆ ಸೋಲುತ್ತದೆ; ಟಾರ್ಕ್ (ತಿರುಗಿಸುವ ಬಲ) ಮೂರನೇ ಒಂದಕ್ಕೆ ಇಳಿದಿರುತ್ತದೆ. ಒಂದೇ ಸಾಲಿನಲ್ಲಿರುವ ಲಿಂಕ್ ಪಟ್ಟಿಗಳನ್ನು ತೆಗೆದು ಯು1-ಡಬ್ಲ್ಯು2, ವಿ1-ಯು2, ಡಬ್ಲ್ಯು1-ವಿ2 ಸೇರಿಸಿ. ಇದೇ ಡೆಲ್ಟಾ. ಮೂರೇ ವೈರ್ ಹೊರಬಂದಿದ್ದರೆ ಸ್ಟಾರ್ ಗಂಟು ವೈಂಡಿಂಗ್ ಒಳಗಿರಬಹುದು. ಅದನ್ನು ಬಿಡಿಸಿ ಉಳಿದ ಮೂರು ತುದಿ ಹೊರತರುವ ಕೆಲಸ ವೈಂಡಿಂಗ್ ಬಲ್ಲವರಿಗೇ ಬಿಡಿ.

ಡ್ರೈವನ್ನು ಎಚ್‌ಪಿ ನೋಡಿ ಆರಿಸಬೇಡಿ, ಆಂಪಿಯರ್ ನೋಡಿ ಆರಿಸಿ. 1.5 ಕಿಲೋವ್ಯಾಟ್ (2 ಎಚ್‌ಪಿ) ಮೋಟಾರ್ ಡೆಲ್ಟಾದಲ್ಲಿ ಸುಮಾರು 6 ಆಂಪಿಯರ್ ಎಳೆಯುತ್ತದೆ. 7 ಆಂಪಿಯರ್ ಡ್ರೈವ್ ಸಾಕು. ಆದರೆ ಆ ಡ್ರೈವ್ ಸಪ್ಲೈಯಿಂದ 14-16 ಆಂಪಿಯರ್‌ವರೆಗೂ ಎಳೆಯಬಹುದು. ಹಾಗಾಗಿ ಅದಕ್ಕೆ ಪ್ರತ್ಯೇಕ ಲೈನ್ ಬೇಕು; ವೈರ್ ಮತ್ತು ಎಂಸಿಬಿ ಅಳತೆಯನ್ನು ಡ್ರೈವಿನ ಕೈಪಿಡಿಯಂತೆ ಹಾಕಿಸಿ. ಅರ್ತ್ ಇಲ್ಲದೆ ಚಾಲೂ ಮಾಡಲೇಬೇಡಿ.

ಡ್ರೈವಿನಿಂದ ಮೋಟಾರಿಗೆ ಕೇಬಲ್ ನೇರ ಹೋಗಲಿ. ನಡುವೆ ಯಂತ್ರದ ಹಳೆಯ ಸ್ವಿಚ್ಚೋ ಕಾಂಟ್ಯಾಕ್ಟರೋ ಉಳಿದು, ಓಡುತ್ತಿರುವಾಗ ತೆರೆದುಕೊಂಡರೆ ಡ್ರೈವ್ ಟ್ರಿಪ್ ಆಗುತ್ತದೆ, ಸುಟ್ಟೂ ಹೋಗಬಹುದು. ಸ್ಟಾರ್ಟ್, ಸ್ಟಾಪ್ ಬಟನ್‌ಗಳನ್ನು ಡ್ರೈವಿನ ಕಂಟ್ರೋಲ್ ಟರ್ಮಿನಲ್‌ಗೆ ಜೋಡಿಸಿ. ಯಂತ್ರದ ಕಂಟ್ರೋಲ್ ಟ್ರಾನ್ಸ್‌ಫಾರ್ಮರ್, ದೀಪಗಳನ್ನು ಡ್ರೈವಿನ ಔಟ್‌ಪುಟ್‌ಗೆ ಸೇರಿಸಬಾರದು.

ಮೊದಲು ತುಂಬಬೇಕಾದ ಸೆಟ್ಟಿಂಗ್‌ಗಳು: 230 ವೋಲ್ಟ್, 50 ಹರ್ಟ್ಸ್, ನೇಮ್‌ಪ್ಲೇಟಿನ ಡೆಲ್ಟಾ ಆಂಪಿಯರ್, ವೇಗ ಏರಲು 5 ಸೆಕೆಂಡ್. ತಿರುಗುವ ದಿಕ್ಕು ತಪ್ಪಿದ್ದರೆ ಔಟ್‌ಪುಟ್‌ನ ಯಾವುದಾದರೂ ಎರಡು ವೈರ್ ಅದಲುಬದಲು ಮಾಡಿ. ವೈರ್ ಮುಟ್ಟುವ ಮುಂಚೆ ಕರೆಂಟ್ ತೆಗೆದು ಕನಿಷ್ಠ 10 ನಿಮಿಷ ಕಾದು, ಮೀಟರ್ ಹಿಡಿದು ನೋಡಿ. ಒಳಗಿನ ಕೆಪಾಸಿಟರುಗಳಲ್ಲಿ ಪ್ರಾಣ ತೆಗೆಯುವಷ್ಟು ಡಿಸಿ ಉಳಿದಿರುತ್ತದೆ. 20 ಹರ್ಟ್ಸ್‌ಗಿಂತ ಕೆಳಗೆ ಹೊತ್ತುಗಟ್ಟಲೆ ಓಡಿಸಿದರೆ ಮೋಟಾರಿನ ಫ್ಯಾನ್ ಗಾಳಿ ಸಾಲದೆ ವೈಂಡಿಂಗ್ ಬಿಸಿಯಾಗುತ್ತದೆ.

ಡ್ರೈವ್ ಬೇಡವೆಂದರೆ ಕೆಪಾಸಿಟರ್ ದಾರಿಯೂ ಇದೆ, ಡೆಲ್ಟಾದಲ್ಲೇ. ಎರಡು ತುದಿಗೆ ಫೇಸ್ ಮತ್ತು ನ್ಯೂಟ್ರಲ್, ಮೂರನೆಯದಕ್ಕೆ ಫೇಸಿನಿಂದ ರನ್ ಕೆಪಾಸಿಟರ್ ಮೂಲಕ. ಕಿಲೋವ್ಯಾಟಿಗೆ ಸುಮಾರು 70 ಮೈಕ್ರೋಫ್ಯಾರಡ್, 450 ವೋಲ್ಟ್ ಎಸಿ ರೇಟಿಂಗ್. ಕೆಪಾಸಿಟರನ್ನು ಫೇಸ್ ಬದಲು ನ್ಯೂಟ್ರಲ್‌ಗೆ ಹಾಕಿದರೆ ದಿಕ್ಕು ತಿರುಗುತ್ತದೆ. ಶಕ್ತಿ ಮೂರನೇ ಎರಡರಷ್ಟೇ ಸಿಗುತ್ತದೆ, ಸ್ಟಾರ್ಟಿಂಗ್ ಟಾರ್ಕ್ ಬಲು ಕಡಿಮೆ. ಸಣ್ಣ ಡ್ರಿಲ್ಲಿಂಗ್ ಯಂತ್ರಕ್ಕೆ ನಡೆಯುತ್ತದೆ. ಕಂಪ್ರೆಸರ್‌ಗೆ ಈ ದಾರಿ ಬೇಡವೇ ಬೇಡ.